ವರ್ಷಕ್ಕೊಮ್ಮೆ ಮರಳಿ ಬರುವ ಪಾಠ

ಮೂವತ್ತನಾಲ್ಕು ವರ್ಷಗಳವರೆಗೆ ಶಾಲೆಯ ಗಂಟೆಯು ನನ್ನ ದಿನವನ್ನು ಹೋಳುಮಾಡಿ ಕೊಡುತ್ತಿದ್ದಿತು. ಯಾವ ಹೊತ್ತಿಗೆ ಶಬ್ದರೂಪ, ಯಾವ ಹೊತ್ತಿಗೆ ಕಾವ್ಯ, ಯಾವ ತಿಂಗಳಿಗೆ ಪರೀಕ್ಷೆ ಎಂಬುದನ್ನು ನಾನಾಗಿ ಯೋಚಿಸಬೇಕಾಗಿರಲಿಲ್ಲ. ೨೦೨೪ರ ಬೇಸಿಗೆಯಲ್ಲಿ ನಿವೃತ್ತನಾಗಿ ಕೆ. ಹೊಸಕೋಟೆಯ ಹಿರಿಯರ ಮನೆಯಲ್ಲಿ ನೆಲೆನಿಂತ ಮೇಲೆ ಆ ಗಂಟೆ ನಿಂತುಹೋಯಿತು. ಮಳೆಗಾಲವು ಹಿಡಿದುಕೊಂಡಿತು. ಆಲೂರು ಸಕಲೇಶಪುರಗಳ ಬೆಟ್ಟದ ಮಳೆಯನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ; ಆಷಾಢದಲ್ಲಿ ಸೋಮವಾರಕ್ಕೂ ಗುರುವಾರಕ್ಕೂ ಒಂದೇ ಬಣ್ಣ. ಒಂದು ದಿನ "ಇಂದು ಯಾವ ವಾರ?" ಎಂದು ಎರಡನೆಯ ಸಲ ಕೇಳಿದಾಗ ಮನೆಯಾಕೆಯು ಉತ್ತರ ಕೊಡದೆ ನನ್ನ ಮುಖವನ್ನೇ ನೋಡಿದಳು. ಬಿಡುವು ದೊರೆತರೆ ಓದುವೆನೆಂದು ಜೀವಮಾನವೆಲ್ಲ ಹೇಳಿಕೊಂಡು ಬಂದವನು ನಾನು. ಬಿಡುವು ದೊರೆಯಿತು; ಓದು ದೊರೆಯಲಿಲ್ಲ.

ಆ ವರ್ಷದ ಭಾದ್ರಪದದಲ್ಲಿ ಹಳೆಯ ಸಹೋದ್ಯೋಗಿಗಳು ಕೊಚ್ಚಿಯ ಪ್ರವಾಸಕ್ಕೆ ಹೊರಟರು. ಜೊತೆಗೆ ನಾನೂ ಹೋದೆನು. ಅಲ್ಲಿಯ ಮಟ್ಟಾಂಚೇರಿಯಲ್ಲಿ ಯೆಹೂದ್ಯರ ಬೀದಿಯ ಕೊನೆಗೆ ೧೫೬೮ರಲ್ಲಿ ಕಟ್ಟಿದ ಪರದೇಸಿ ಸಭಾಮಂದಿರವಿದೆ. ನೆಲಕ್ಕೆ ಚೀನಾ ದೇಶದ ನೀಲಿ ಚಿತ್ರದ ಬಿಲ್ಲೆಗಳು, ಮೇಲೆ ತೂಗುವ ಗಾಜಿನ ದೀಪಗಳು, ಮುಂಗಡೆ ಗೋಡೆಯಲ್ಲಿ ತೆರೆ ಇಳಿಬಿಟ್ಟ ಒಂದು ಪೆಟ್ಟಿಗೆಯಂಥ ಗೂಡು. ಗೂಡಿನೊಳಗೆ ಅವರ ಧರ್ಮಗ್ರಂಥವಾದ ತೋರಾದ ಸುರುಳಿಗಳಿರುವುವು. ಅವನ್ನು ತೆರೆದು ಸಭೆಯಲ್ಲಿ ಓದಬೇಕಾದರೆ ವಯಸ್ಸಿಗೆ ಬಂದ ಹತ್ತು ಮಂದಿ ಪುರುಷರು ಸೇರಬೇಕೆಂಬುದು ಅವರ ಸಂಪ್ರದಾಯದ ನಿಯಮ. ಕೊಚ್ಚಿಯ ಯೆಹೂದ್ಯರಲ್ಲಿ ಬಹುಮಂದಿ ೧೯೫೦ರ ದಶಕದಲ್ಲಿ ಇಸ್ರೇಲ್ ದೇಶಕ್ಕೆ ತೆರಳಿದರು; ಉಳಿದವರು ಬೆರಳೆಣಿಕೆಗೆ ಇಳಿದರು. ಗ್ರಂಥವಿದೆ, ಮಂದಿರವಿದೆ, ದೀಪಗಳಿವೆ. ಓದಲು ಹತ್ತು ಜನರಿಲ್ಲ.

ಇದನ್ನು ಕೇಳಿ ಸಂಗಡಿಗರು ಅಯ್ಯೋ ಎಂದರು. ನನಗೆ ಮಾತ್ರ ನಮ್ಮ ಮನೆಯ ಅಟ್ಟವು ನೆನಪಾಯಿತು. ನಮ್ಮ ತಂದೆಯವರು ಶ್ರಾವಣದಲ್ಲಿ ಜಗಲಿಯ ಮೇಲೆ ಕುಳಿತು ಓದಿಸುತ್ತಿದ್ದ ಕುಮಾರವ್ಯಾಸನ ಭಾರತವು ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಅಲ್ಲಿಯೇ ಇದ್ದಿತು. ನಮ್ಮ ಮನೆಯಲ್ಲಿ ಹತ್ತು ಜನರ ನಿಯಮವಿರಲಿಲ್ಲ. ಒಬ್ಬನು ಸಾಕಾಗಿದ್ದನು. ಆ ಒಬ್ಬನೇ ಇರಲಿಲ್ಲ.

ಊರಿಗೆ ಬಂದ ಮೇಲೆ ಆ ಜನರ ಪಂಚಾಂಗವನ್ನೂ ಪಾರಾಯಣಕ್ರಮವನ್ನೂ ತಿಳಿಯಬೇಕೆಂಬ ಕುತೂಹಲವು ಹುಟ್ಟಿತು. ತಿಳಿದಷ್ಟೂ ಅದು ಪರದೇಶದ ವಿಷಯವೆನಿಸದೆ ಹೋಯಿತು. ಅವರ ಮಾಸವು ನಮ್ಮದರಂತೆಯೇ ಚಾಂದ್ರಮಾಸ. ಅಮಾವಾಸ್ಯೆ ಕಳೆದು ಎಳೆಯ ಚಂದ್ರನು ಕಾಣುವಾಗ ಮಾಸಾರಂಭ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು ೩೫೪ ದಿನಗಳಾಗುವುದರಿಂದ ಸೌರವರ್ಷಕ್ಕೆ ಹನ್ನೊಂದು ದಿನ ಕೊರೆ ಬೀಳುವುದು. ವಸಂತದ ಹಬ್ಬವು ವಸಂತದಲ್ಲಿಯೇ ಬರಬೇಕಾದರೆ ಅಧಿಕಮಾಸವನ್ನು ಕೂಡಿಸಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳೆಂಬುದು ಅವರ ಲೆಕ್ಕ. ನಮ್ಮಲ್ಲಿಯೂ ಸರಾಸರಿ ಅಷ್ಟೇ ಬೀಳುವುವು. ಭೇದವೇನೆಂದರೆ ನಮಗೆ ದಿನವು ಸೂರ್ಯೋದಯದಿಂದ ಮೊದಲಾಗುವುದು, ಅವರಿಗೆ ಸೂರ್ಯಾಸ್ತದಿಂದ. ಏಳನೆಯ ದಿನವಾದ ಶನಿವಾರವು ವಿಶ್ರಾಂತಿಯ ದಿನ. ಶುಕ್ರವಾರ ಹೊತ್ತು ಮುಳುಗುವ ಮುನ್ನ ಗೃಹಿಣಿಯು ದೀಪಗಳನ್ನು ಹಚ್ಚುವಳು. ಅಲ್ಲಿಂದ ಮರುದಿನ ನಕ್ಷತ್ರಗಳು ಮೂಡುವವರೆಗೆ ವ್ಯಾಪಾರವಿಲ್ಲ, ದುಡಿಮೆಯಿಲ್ಲ.

ಆ ಶನಿವಾರದ ಬೆಳಿಗ್ಗೆ ತೋರಾದ ಪಾರಾಯಣ. ಗ್ರಂಥವು ಐದು ಪುಸ್ತಕಗಳಾಗಿರುವುದು. ಕನ್ನಡಕ್ಕೆ ಬೈಬಲನ್ನು ತಂದವರು ಈ ಪುಸ್ತಕಗಳಿಗೆ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಹೆಸರಿಟ್ಟರು. ರಾಮಾಯಣವನ್ನು ಕೇಳಿ ಬೆಳೆದ ಕಿವಿಗೆ ಅವು ಹೊಸವಲ್ಲ. ಈ ಐದನ್ನೂ ೫೪ ಭಾಗಗಳಾಗಿ ವಿಂಗಡಿಸಿ, ವಾರಕ್ಕೊಂದರಂತೆ, ಕೆಲವು ವಾರ ಎರಡನ್ನು ಜೋಡಿಸಿ, ವರ್ಷಕ್ಕೊಮ್ಮೆ ಮುಗಿಸುವರು. ಸುರುಳಿಯು ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದುದು. ಮೂರು ಲಕ್ಷಕ್ಕೆ ಮಿಕ್ಕ ಅಕ್ಷರಗಳಲ್ಲಿ ಒಂದು ಲೋಪವಾದರೂ ತಿದ್ದುವ ತನಕ ಅದು ಪಾರಾಯಣಕ್ಕೆ ಸಲ್ಲದು. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ರಾಗದ ಗುರುತುಗಳಿಲ್ಲ. ಓದುವವನು ಎಲ್ಲವನ್ನೂ ಮೊದಲೇ ಅಭ್ಯಾಸಮಾಡಿ ಬಂದಿರಬೇಕು. ಆದರೂ ಬಾಯಿಪಾಠವನ್ನು ಒಪ್ಪಿಸಕೂಡದು, ಬರೆಹವನ್ನು ನೋಡಿಯೇ ಓದಬೇಕು. ಬರೆದುದನ್ನು ನೋಡಿ ಓದುವವನನ್ನು ಪಾಠಕರಲ್ಲಿ ಅಧಮನೆಂದೆಣಿಸುವ ಪಾಣಿನೀಯ ಶಿಕ್ಷೆಯನ್ನು ಕಲಿತ ನನಗೆ ಇದು ಸೋಜಿಗವೆನಿಸಿತು. ದಾರಿಗಳು ಎದುರುಬದುರು, ಒಂದಕ್ಷರವೂ ಕೆಡಬಾರದೆಂಬ ಭೀತಿಯು ಮಾತ್ರ ಒಂದೇ.

ಗೃಹಸ್ಥನಿಗೆ ಬೇರೊಂದು ವಿಧಿಯುಂಟು. ಸಭೆಯಲ್ಲಿ ಕೇಳಿದರಷ್ಟೇ ಸಾಲದು. ಆ ವಾರದ ಭಾಗವನ್ನು ಅವನು ಮನೆಯಲ್ಲಿ ಮೂಲವನ್ನು ಎರಡು ಸಲ, ಅನುವಾದವನ್ನು ಒಂದು ಸಲ ಓದಿಕೊಳ್ಳಬೇಕು. ಅನುವಾದವೆಂದರೆ ಹಿಂದಿನ ಕಾಲದಲ್ಲಿ ಜನರಾಡುತ್ತಿದ್ದ ಅರಮಾಯ ಭಾಷೆಯದು. ಅರ್ಥವಾಗದ ಪುಣ್ಯವೇ ಸಾಕೆಂದು ಅವರು ಸುಮ್ಮನಿರಲಿಲ್ಲ. ವರ್ಷದ ಕೊನೆಯ ಭಾಗದಲ್ಲಿ ಮೋಶೆಯು ಬೆಟ್ಟದ ಮೇಲೆ ನಿಂತು, ತಾನು ನಲವತ್ತು ವರ್ಷ ನಡೆದು ಬಂದ ದೇಶವನ್ನು ದೂರದಿಂದ ಕಂಡು, ಒಳಗೆ ಕಾಲಿಡದೆ ಸಾಯುವನು. ಅದನ್ನು ಓದಿ ಮುಗಿಸಿದ ದಿನವೇ, ಅದೇ ಸಭೆಯಲ್ಲಿ, ಸೃಷ್ಟಿಯ ಆರಂಭವನ್ನು ತೆಗೆದು ಓದುವರು. ಮುಗಿಯಿತೆಂದು ಗ್ರಂಥವನ್ನು ಕಟ್ಟಿಡುವ ಒಂದು ರಾತ್ರಿಯೂ ಅವರಿಗಿಲ್ಲ.

ಈ ಪದ್ಧತಿಯು ನಮ್ಮ ನೆಲಕ್ಕೂ ಹೊಸದಲ್ಲ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಯ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲರೆಂಬ ಯೆಹೂದ್ಯರನ್ನು ನೆರೆಯವರು ಶನಿವಾರ ತೇಲಿಗಳೆಂದು ಕರೆಯುತ್ತಿದ್ದರು. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಬಹುಕಾಲ ಅವರ ಬಳಿ ಗ್ರಂಥವೇ ಇರಲಿಲ್ಲ. ಪುಸ್ತಕ ಕೈಬಿಟ್ಟರೂ ದಿನವು ಕೈಬಿಡಲಿಲ್ಲ. ಆ ದಿನವನ್ನು ಹಿಡಿದುಕೊಂಡೇ ಅವರು ಮುಂದೆ ಪುಸ್ತಕಕ್ಕೆ ಮರಳಿದರು. ಇನ್ನೂ ಸಮೀಪಕ್ಕೆ ಬಂದರೆ ನಮ್ಮ ಶಿರಾಡಿ ಘಟ್ಟದ ಕೆಳಗಿನ ಮಂಗಳೂರು. ಹನ್ನೆರಡನೆಯ ಶತಮಾನದಲ್ಲಿ, ಇತ್ತ ವಿಷ್ಣುವರ್ಧನನು ಆಳುತ್ತಿದ್ದಾಗ, ಟುನೀಸಿಯ ದೇಶದ ಅಬ್ರಹಾಮ ಬೆನ್ ಯಿಜೂ ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ನೆಲಸಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳ ವ್ಯಾಪಾರ ಮಾಡುತ್ತಿದ್ದನು. ಧರ್ಮಶಾಸ್ತ್ರ ಬಲ್ಲವನು, ಕವಿತೆ ಕಟ್ಟುವವನು. ಆಶು ಎಂಬ ಇಲ್ಲಿಯ ದಾಸಿಯೊಬ್ಬಳನ್ನು ೧೧೩೨ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿ ಬರೆಸಿದ ಪತ್ರವು ಇಂದಿಗೂ ಉಳಿದಿದೆ. ಆಕೆಗೆ ಬೆರಾಖಾ ಎಂಬ ಹೊಸ ಹೆಸರು ಬಂದಿತು. ಆಶೀರ್ವಾದವೆಂದು ಅದರ ಅರ್ಥ. ದೇವರ ನಾಮವಿರಬಹುದಾದ ಯಾವ ಕಾಗದವನ್ನೂ ಹಾಳುಮಾಡಬಾರದೆಂದು ಹಳೆಯ ಕೈರೋವಿನ ಸಭಾಮಂದಿರದಲ್ಲಿ ಹಾಕಿಟ್ಟಿದ್ದ ರಾಶಿಯೊಳಗೆ ಅವನ ಕಾಗದಗಳೂ ಸೇರಿದ್ದುವು. ೧೮೯೬-೯೭ರಲ್ಲಿ ಆ ರಾಶಿಯ ಬಹುಭಾಗವು ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿತು. ೧೧೪೯ರಲ್ಲಿ ಏಡನ್ನಿಗೆ ಮರಳಿದೊಡನೆ ಅವನು ಮಾಡಿದ ಮೊದಲ ಕೆಲಸಗಳಲ್ಲೊಂದು, ಯುದ್ಧದಿಂದ ಚದರಿಹೋದ ತನ್ನ ಒಡಹುಟ್ಟಿದವರಿಗೆ ಕಾಗದ ಬರೆದು, ನನ್ನ ಗಳಿಕೆಯಲ್ಲಿ ನಿಮಗೂ ಪಾಲುಂಟು, ಬನ್ನಿರಿ ಎಂದು ಕರೆದುದು. ಈ ಸಂಗತಿಯನ್ನು ನಾನು ಮೊದಲು ಓದಿದಾಗ ಪುಟವನ್ನು ಬೇಗ ತಿರುವಿದೆನು. ಕಾರಣವನ್ನು ಹೇಳುವೆನು.

೨೦೨೪ರ ದೀಪಾವಳಿಯ ಹಿಂದಿನ ಶನಿವಾರ, ಅಕ್ಟೋಬರ್ ೨೬ರಂದು, ಅವರ ಹೊಸ ಪಾರಾಯಣವು ಮೊದಲಾಯಿತು. ನಾನೂ ಅಂದೇ ಕನ್ನಡದ ಆದಿಕಾಂಡವನ್ನು ತೆಗೆದೆನು. ಅವರ ಮತವನ್ನು ನಾನು ಹಿಡಿದವನಲ್ಲ. ಸಂಧ್ಯಾವಂದನೆಯನ್ನು ಬಿಟ್ಟವನೂ ಅಲ್ಲ. ನನಗೆ ಬೇಕಾಗಿದ್ದುದು ಒಂದು ಶಿಸ್ತು. ಅದನ್ನು ಎರವಲು ಪಡೆದೆನು. ವಾರದ ಭಾಗವನ್ನು ಆ ವಾರವೇ ಓದಬೇಕು, ಹಿಂದಕ್ಕೂ ಹೋಗಬಾರದು, ಮುಂದಕ್ಕೂ ಹಾರಬಾರದು. ನನಗೆ ಮತ್ತೆ ಗಂಟೆಯು ಸಿಕ್ಕಿತು.

ಆದಿಕಾಂಡವು ಬಹುಮಟ್ಟಿಗೆ ಅಣ್ಣತಮ್ಮಂದಿರ ಪುಸ್ತಕ. ಕಾರ್ತಿಕದ ಕೊನೆಗೆ ಯಾಕೋಬ ಏಸಾವರ ಕಥೆ ಬಂದಿತು. ತಮ್ಮನಾದ ಯಾಕೋಬನು ಆಡಿನ ಚರ್ಮವನ್ನು ಕೈಗೆ ಕಟ್ಟಿಕೊಂಡು, ಕಣ್ಣು ಮಂಜಾದ ತಂದೆಯ ಮುಂದೆ ಅಣ್ಣನಂತೆ ನಟಿಸಿ, ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಹೊಡೆದುಕೊಂಡು ಓಡಿಹೋಗುವನು. ಅಣ್ಣನಾದ ಏಸಾವನು ಅಳುವನು. ನಾನೂ ಅಣ್ಣನೇ. ನನಗೂ ಒಬ್ಬನೇ ತಮ್ಮ. ಅವನು ೨೦೧೭ರಿಂದ ನನ್ನೊಡನೆ ಮಾತು ಬಿಟ್ಟಿದ್ದನು. ಬೇಲಿಯಾಚೆ ಅವನ ಮನೆ. ನಮ್ಮ ತಂದೆಯ ಪಕ್ಷವು ಒಂದೇ ದಿನ ಎರಡು ಮನೆಗಳಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದಿತು. ಏಸಾವನ ಅಳುವನ್ನೋದಿ ನನ್ನ ಕಣ್ಣೂ ಒದ್ದೆಯಾಯಿತು. ಅಣ್ಣಂದಿರ ಪಾಡೇ ಇಷ್ಟೆಂದುಕೊಂಡೆನು.

ಪಂಚಾಂಗವು ಮುಂದುವರಿಯಿತು. ಚೈತ್ರದ ಹುಣ್ಣಿಮೆಯ ಹೊತ್ತಿಗೆ ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಪಸ್ಕಹಬ್ಬ. ಅದರ ಎರಡನೆಯ ರಾತ್ರಿಯಿಂದ ನಲವತ್ತೊಂಬತ್ತು ರಾತ್ರಿಗಳನ್ನು ಒಂದೊಂದಾಗಿ ಎಣಿಸುವರು. ಐವತ್ತನೆಯ ದಿನ ಧರ್ಮಶಾಸ್ತ್ರವು ದೊರೆತ ಹಬ್ಬ. ಅವರ ರಹಸ್ಯವಿದ್ಯೆಯ ಆಚಾರ್ಯರು ಈ ಏಳು ವಾರಗಳಿಗೆ ಕರುಣೆ, ನಿಗ್ರಹ, ಸಾಮರಸ್ಯ, ಸ್ಥೈರ್ಯ, ವಿನಯ ಮೊದಲಾದ ಏಳು ಗುಣಗಳನ್ನು ಹೊಂದಿಸಿದರು. ಪ್ರತಿ ವಾರದ ಏಳು ದಿನಗಳಿಗೂ ಅವೇ ಏಳು. ಹೀಗೆ ಒಂದು ದಿನವು ಕರುಣೆಯೊಳಗಣ ನಿಗ್ರಹ, ಇನ್ನೊಂದು ನಿಗ್ರಹದೊಳಗಣ ಕರುಣೆ. ದಾಸ್ಯದಿಂದ ಬಿಟ್ಟವನು ಆ ಕ್ಷಣವೇ ಧರ್ಮಕ್ಕೆ ಯೋಗ್ಯನಾಗುವುದಿಲ್ಲ, ದಿನಕ್ಕೊಂದು ಮೆಟ್ಟಿಲಿನಂತೆ ಹತ್ತಬೇಕೆಂಬುದು ಅದರ ತಾತ್ಪರ್ಯ. ನಾನೂ ಒಂದು ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯತೊಡಗಿದೆನು. ಮೊದಮೊದಲು ಇತರರ ದೋಷಗಳೇ ಹೆಚ್ಚಾಗಿ ಬರೆದುವು. ನಾಲ್ಕನೆಯ ವಾರಕ್ಕೆ ಅವು ತೀರಿದುವು. ಸಾಲು ಮಾತ್ರ ಇನ್ನೂ ಬರೆಯಬೇಕಾಗಿದ್ದಿತು.

ಬರೆಯಬೇಕಾಗಿದ್ದ ಸಾಲು ಇದು. ೨೦೦೩ರಲ್ಲಿ ನಮ್ಮ ಮನೆ ಹಿಸ್ಸೆಯಾದಾಗ ಪಾಲುಪಾರೀಖತ್ತನ್ನು ಬರೆದವನು ನಾನು. ತಮ್ಮನು ತೋಟದ ಕೆಲಸಕ್ಕೆಂದು ಓದನ್ನು ಬೇಗ ಬಿಟ್ಟವನು. ಕೆರೆಯು ಇಬ್ಬರಿಗೂ ಸೇರಿದುದೆಂದು ಬಾಯಿಮಾತಿನಲ್ಲಿ ತೀರ್ಮಾನವಾಗಿದ್ದಿತು. ಬರೆಯುವಾಗ ನಾನು, ಮೇಲ್ತೋಟಕ್ಕೆ ನೀರು ಪೂರೈಸಿದ ತರುವಾಯ ಉಳಿದುದು ಕೆಳತೋಟಕ್ಕೆ ಎಂದು ಒಂದು ವಾಕ್ಯವನ್ನು ಸೇರಿಸಿದೆನು. ಮೇಲ್ತೋಟವು ನನ್ನದು. ಓದಿ ಹೇಳಲೇ ಎಂದು ಕೇಳಿದೆನು. "ಅಣ್ಣ ಬರೆದದ್ದನ್ನು ಓದಿಸುವುದೇನು?" ಎಂದು ಅವನು ರುಜು ಹಾಕಿದನು. ಹೂಮಳೆಯು ಹೊತ್ತಿಗೆ ಸರಿಯಾಗಿ ಬಂದ ವರ್ಷಗಳಲ್ಲಿ ಆ ವಾಕ್ಯಕ್ಕೆ ಕೆಲಸವಿರಲಿಲ್ಲ. ೨೦೧೭ರಲ್ಲಿ ಮಳೆ ಕೈಕೊಟ್ಟಿತು. ಕಾಫಿಯ ಹೂವನ್ನು ಅರಳಿಸಲು ಕೆರೆಯ ನೀರನ್ನೇ ತುಂತುರು ಹಾಯಿಸಬೇಕಾಗಿ ಬಂದಿತು. ನನ್ನ ತೋಟಕ್ಕೆ ಹಾಯುವಷ್ಟರಲ್ಲಿ ಕೆರೆಯ ತಳ ಕಂಡಿತು. ಅವನ ಗಿಡಗಳಲ್ಲಿ ಮೊಗ್ಗು ಕರಿದು ಉದುರಿತು. ಅವನು ಕೇಳಲು ಬಂದಾಗ ನಾನು ಪತ್ರವನ್ನು ತಂದು ಓದಿ ತೋರಿಸಿದೆನು. ವ್ಯಾಕರಣದಲ್ಲಿ ದೋಷವಿರಲಿಲ್ಲ. ಅವನು ಎದ್ದು ಹೋದನು, ಮತ್ತೆ ಬರಲಿಲ್ಲ. ಎಂಟು ವರ್ಷ ನಾನು ಅವನನ್ನು ಹಟಮಾರಿಯೆಂದು ಕರೆಯುತ್ತ ಬಂದೆನು.

ಯೆಹೂದ್ಯರ ವರ್ಷಾಂತ್ಯದ ಮಾಸಕ್ಕೆ ಎಲೂಲ್ ಎಂದು ಹೆಸರು. ಆತ್ಮದ ಲೆಕ್ಕ ನೋಡಿಕೊಳ್ಳುವ ಮಾಸವದು. ಬೆಳಿಗ್ಗೆ ಟಗರಿನ ಕೊಂಬನ್ನೂದಿ ನಿದ್ರಿಸುವ ಮನಸ್ಸನ್ನು ಎಬ್ಬಿಸುವ ರೂಢಿಯುಂಟು. ೨೦೨೫ರಲ್ಲಿ ಅದು ನಮ್ಮ ಭಾದ್ರಪದದೊಡನೆಯೇ ನಡೆಯಿತು. ಅವರು ಲೆಕ್ಕ ನೋಡುವ ಕೊನೆಯ ದಿನಗಳೂ ನಾವು ಪಿತೃಗಳಿಗೆ ಎಳ್ಳುನೀರು ಬಿಡುವ ದಿನಗಳೂ ಒಂದಾದುವು. ಮಹಾಲಯ ಅಮಾವಾಸ್ಯೆ ಕಳೆದೊಡನೆ ಅವರ ಹೊಸ ವರ್ಷ. ಅದರ ಹತ್ತನೆಯ ದಿನ ಉಪವಾಸದ ಪ್ರಾಯಶ್ಚಿತ್ತದಿನ. ಆ ವರ್ಷ ಪ್ರಾಯಶ್ಚಿತ್ತದಿನವೂ ನಮ್ಮ ವಿಜಯದಶಮಿಯೂ ಅಕ್ಟೋಬರ್ ೨ರಂದು ಒಟ್ಟಿಗೆ ಬಿದ್ದುವು. ಅಧಿಕಮಾಸದ ವ್ಯತ್ಯಾಸದಿಂದ ಕೆಲವು ವರ್ಷ ಒಂದು ತಿಂಗಳು ಹಿಂದುಮುಂದಾಗುವುದುಂಟು.

ಪ್ರಾಯಶ್ಚಿತ್ತದಿನವನ್ನು ಕುರಿತು, ಕ್ರಿಸ್ತಶಕ ೨೦೦ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಎಂಬ ಅವರ ಧರ್ಮಸಂಹಿತೆಯಲ್ಲಿ ಒಂದು ನಿರ್ಣಯವಿದೆ. ದೇವರಿಗೆ ಮಾಡಿದ ತಪ್ಪು ಆ ದಿನದ ವ್ರತದಿಂದ ಕಳೆಯುವುದು. ನೆರೆಯವನಿಗೆ ಮಾಡಿದ ತಪ್ಪು, ಅವನನ್ನು ಸಮಾಧಾನಪಡಿಸುವವರೆಗೆ ಯಾವ ವ್ರತದಿಂದಲೂ ಕಳೆಯದು. ೧೨೦೪ರಲ್ಲಿ ತೀರಿಕೊಂಡ ಮೋಶೆ ಬೆನ್ ಮೈಮೋನ್ ಎಂಬ ಮಹಾಪಂಡಿತನು ಇದನ್ನು ವಿಸ್ತರಿಸಿ, ಅಪಹರಿಸಿದ್ದನ್ನು ಹಿಂದಿರುಗಿಸಿದರೂ ಸಾಲದು, ಕ್ಷಮೆಯನ್ನು ಕೇಳಬೇಕು, ಅವನು ಒಪ್ಪದಿದ್ದರೆ ಮೂವರು ಮಿತ್ರರನ್ನು ಕರೆದುಕೊಂಡು ಮತ್ತೆ ಹೋಗಬೇಕು, ಹೀಗೆ ಮೂರು ಸಲ ಎಂದು ವಿಧಿಸಿದನು. ಇದನ್ನು ಬರೆದವನಿಗೂ ಒಬ್ಬ ತಮ್ಮನಿದ್ದನು. ಅಣ್ಣನು ನಿಶ್ಚಿಂತೆಯಿಂದ ಓದಲೆಂದು ತಾನು ವ್ಯಾಪಾರ ಮಾಡಿ ಮನೆಯನ್ನು ನಡೆಸುತ್ತಿದ್ದ ದಾವಿದನು, ನಮ್ಮ ದೇಶದ ಕಡೆಗೆ ಹಡಗು ಹತ್ತಿ ಹಿಂದೂ ಮಹಾಸಾಗರದಲ್ಲಿ ಮುಳುಗಿದನು. ಆ ಪಂಡಿತನು ಒಂದು ವರ್ಷ ಹಾಸಿಗೆ ಹಿಡಿದನು. ತಮ್ಮನು ಬೇಲಿಯಾಚೆಯೇ ಬದುಕಿರುವ ಅಣ್ಣನಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನವು ಬೇಕಾಗಿರಲಿಲ್ಲ.

ವಿಜಯದಶಮಿಯ ದಿನ ನಾನು ಬೇಲಿಯನ್ನು ದಾಟಿ ಹೋದೆನು. ತಮ್ಮನ ಹೆಂಡತಿ ಮಣೆ ಹಾಕಿದಳು. ತಪ್ಪಾಯಿತೆಂದು ಹೇಳಿದೆನು. ಅವನು "ಹಬ್ಬದ ಮಾತು ಹಬ್ಬಕ್ಕೇ" ಎಂದು ಮೆಟ್ಟು ಮೆಟ್ಟಿಕೊಂಡು ತೋಟಕ್ಕೆ ನಡೆದನು. ಅವನು ಹೇಳಿದುದು ನ್ಯಾಯ. ನಾನು ಕ್ಷಮೆಯನ್ನು ಕೇಳಿದ್ದೆನೇ ಹೊರತು ಏನು ಮಾಡಿದೆನೆಂಬುದನ್ನು ಹೇಳಿರಲಿಲ್ಲ.

ಹದಿನೈದು ದಿನ ಕಳೆದು, ಪಾಲಿನ ದಿನ ಸಾಕ್ಷಿ ಹಾಕಿದವರಲ್ಲಿ ಉಳಿದಿದ್ದ ಇಬ್ಬರು ಹಿರಿಯರನ್ನೂ ನೆರೆಯವರೊಬ್ಬರನ್ನೂ ಕರೆದುಕೊಂಡು, ಪತ್ರವನ್ನು ಹಿಡಿದು ಮತ್ತೆ ಹೋದೆನು. ಆ ವಾಕ್ಯವನ್ನು ಎಲ್ಲರೆದುರಿಗೂ ಓದಿದೆನು. ಇದನ್ನು ಬರೆದವನು ನಾನು, ತಿಳಿದೇ ಬರೆದೆನು, ಓದಬೇಡವೆಂದು ನೀನು ಹೇಳುವೆಯೆಂಬುದೂ ನನಗೆ ಗೊತ್ತಿದ್ದಿತು ಎಂದೆನು. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ನಿಂತ ಕಾಲು ಅಂದು ನಡುಗಿತು. ತಮ್ಮನು ಬಹಳ ಹೊತ್ತು ನೆಲವನ್ನು ನೋಡಿ, "ನೀರು ಎಂದಿನಿಂದ?" ಎಂದು ಕೇಳಿದನು. ದಿನ ಬಿಟ್ಟು ದಿನ, ಸರದಿಯ ಮೇಲೆ ಎಂದು ತಿದ್ದುಪಡಿಯ ಪತ್ರವಾಗಿ ನೋಂದಣಿಯಾಯಿತು.

ಡಿಸೆಂಬರ್ ೬ರ ವಾರ ಯಾಕೋಬ ಏಸಾವರ ಪುನರ್ಮಿಲನದ ಭಾಗವು ಮರಳಿ ಬಂದಿತು. ಅಂಗಳದ ಕಣದಲ್ಲಿ ಕಾಫಿಯ ಹಣ್ಣು ಒಣಗುತ್ತಿದ್ದಿತು. ನಾನು ಕಾಗೆ ಕೋಳಿಗಳನ್ನು ಅಟ್ಟುತ್ತ ಓದುತ್ತಿದ್ದೆನು. ಅದೇ ಪುಸ್ತಕ, ಅದೇ ಪುಟ, ಹಿಂದಿನ ವರ್ಷ ನಾನೇ ಎಳೆದ ಗೆರೆ. ಏಸಾವನ ಅಳುವಿನ ಕೆಳಗೆ ಗೆರೆಯೆಳೆದಿದ್ದವನು ನಾನು ಏಸಾವನಲ್ಲವೆಂದು ಕಾಣದೆ ಹೇಗೆ ಹೋದೆನು? ಹುಟ್ಟಿನಿಂದ ಅಣ್ಣನಾದರೂ ನಡತೆಯಿಂದ ನಾನು ಯಾಕೋಬನು. ಇಪ್ಪತ್ತು ವರ್ಷಗಳ ಮೇಲೆ ಅಣ್ಣನನ್ನು ಎದುರುಗೊಳ್ಳಲು ಅಂಜಿ ಮಂದೆ ಮಂದೆಯಾಗಿ ಕಾಣಿಕೆಯನ್ನು ಮುಂದೆ ಕಳುಹಿಸಿ, ರಾತ್ರಿಯೆಲ್ಲ ಹೊಳೆಯ ದಡದಲ್ಲಿ ಅಪರಿಚಿತನೊಬ್ಬನೊಡನೆ ಹೋರಾಡಿ, ಬೆಳಗಾದಾಗ ಕುಂಟುತ್ತ ಬಂದು, ಏಳು ಸಲ ನೆಲಕ್ಕೆ ಬಾಗುವವನು ಅವನು. ಅಲ್ಲಿ ಇನ್ನೊಂದು ಸೂಕ್ಷ್ಮವುಂಟು. ಅದುವರೆಗೆ ಕಾಣಿಕೆಯೆಂದು ಕರೆಯುತ್ತಿದ್ದುದನ್ನು ಕೊನೆಗೆ ಕೊಡುವಾಗ ಯಾಕೋಬನು ಮೂಲದ ಹೀಬ್ರೂವಿನಲ್ಲಿ ಬೆರಾಖಾ, ಆಶೀರ್ವಾದ, ಎನ್ನುವನು. ತಾನು ಕದ್ದುದರ ಹೆಸರು ಯಾವುದೋ ಅದೇ ಹೆಸರಿನಿಂದ ಹಿಂದಿರುಗಿಸುವನು. ಈ ಪದವನ್ನು ನಾನು ಹಿಂದಿನ ವರ್ಷವೂ ವ್ಯಾಖ್ಯಾನದಲ್ಲಿ ಓದಿದ್ದೆನು. ಶಬ್ದಚಮತ್ಕಾರವೆಂದು ಮೆಚ್ಚಿ ಮುಂದೆ ಹೋಗಿದ್ದೆನು.

ಗ್ರಂಥವು ಒಂದಕ್ಷರವೂ ಬದಲಾಗಬಾರದೆಂದು ಆ ಜನರು ಅಷ್ಟು ಕಾಪಾಡುವುದೇಕೆಂದು ಅಂದು ನನಗೆ ತಿಳಿಯಿತು. ಗೋಡೆಯ ಮೇಲಿನ ಗುರುತು ನಿಂತಲ್ಲಿಯೇ ನಿಂತಿದ್ದರಲ್ಲವೇ ಮಗುವು ಎಷ್ಟು ಬೆಳೆಯಿತೆಂದು ಅಳೆಯಲಾಗುವುದು? ಒಮ್ಮೆ ಓದಿ ಮುಗಿಸಿದ ಗ್ರಂಥವು ನಮಗೆ ತನ್ನ ಕಥೆಯನ್ನು ಹೇಳುವುದು. ವರ್ಷವರ್ಷವೂ ಅದೇ ವಾರ ಮರಳಿ ಬರುವ ಗ್ರಂಥವು ನಮ್ಮ ಕಥೆಯನ್ನು ಹೇಳುವುದು. ಇಷ್ಟವಿದ್ದಾಗ ಇಷ್ಟವಾದ ಭಾಗವನ್ನು ಓದುವವನಿಗೆ ಇದು ದೊರೆಯದು. ಅವನು ತನ್ನನ್ನು ಚುಚ್ಚುವ ಪುಟವನ್ನು ಎಂದಿಗೂ ತೆರೆಯುವುದಿಲ್ಲ. ಪಂಚಾಂಗವು ತೆರೆಯಿಸುವುದು.

ಗೃಹಸ್ಥರಾದ ವಾಚಕರಿಗೆ ನನ್ನ ವಿಜ್ಞಾಪನೆಯಿಷ್ಟೆ. ಇದಕ್ಕಾಗಿ ಪರರ ಗ್ರಂಥವೇ ಬೇಕೆಂದಿಲ್ಲ. ಸ್ವಾಧ್ಯಾಯದಲ್ಲಿ ಎಚ್ಚರ ತಪ್ಪಬಾರದೆಂದು ತೈತ್ತಿರೀಯದ ಗುರುವು ಮನೆಗೆ ಹೊರಟ ಶಿಷ್ಯನಿಗೆ ಹೇಳಿದುದು ಗೃಹಸ್ಥನಾಗುವವನಿಗಾಗಿಯೇ. ಭಾರತವಾಗಲಿ, ರಾಮಾಯಣವಾಗಲಿ, ವಚನಗಳಾಗಲಿ, ನಿಮ್ಮ ಮನೆಯ ಅಟ್ಟದಲ್ಲಿರುವುದನ್ನು ಇಳಿಸಿ, ಐವತ್ತು ವಾರಗಳಿಗೆ ಗುರುತು ಹಾಕಿರಿ. ವಾರದ ಭಾಗವನ್ನು ಮೂಲದಲ್ಲಿ ಎರಡು ಸಲ, ತಿಳಿಗನ್ನಡದ ಅರ್ಥದಲ್ಲಿ ಒಂದು ಸಲ, ಮನೆಯವರು ಕೇಳುವಂತೆ ಓದಿರಿ. ಮುಗಿದ ದಿನವೇ ಮೊದಲಿಡಿರಿ. ನಮ್ಮ ಜಗಲಿಯ ಮೇಲೆ ಕೆಂಪು ವಸ್ತ್ರವು ಈಗ ಶನಿವಾರ ಸಂಜೆ ಬಿಚ್ಚುತ್ತಿದೆ. ಆದಿಪರ್ವ ನಡೆಯುತ್ತಿದೆ. ಮುಂದೆ ದಾಯಾದಿಗಳ ಪಾಲಿನ ಕಥೆ ಬರುವುದೆಂದು ಬಲ್ಲೆನು, ಅದನ್ನು ಹಾರಿಸುವುದಿಲ್ಲ.

ತಮ್ಮನು ಇನ್ನೂ ನಮ್ಮ ಮನೆಯ ಒಳಗೆ ಬಂದಿಲ್ಲ. ೨೦೧೭ರ ಹೂವನ್ನು ನಾನು ಹಿಂದಿರುಗಿಸಲಾರೆನು. ಯಾಕೋಬ ಏಸಾವರೂ ಅಪ್ಪಿಕೊಂಡು ಅತ್ತ ಮೇಲೆ ಒಟ್ಟಿಗೆ ಬಾಳಲಿಲ್ಲ; ಒಬ್ಬನು ಒಂದು ದಾರಿ, ಇನ್ನೊಬ್ಬನು ಇನ್ನೊಂದು ದಾರಿ ಹಿಡಿದರು. ಆದರೆ ಅದೇ ವಾರದ ಪಾಠದ ಕೊನೆಯ ಕಡೆಗೆ, ಮುದುಕನಾಗಿ ತೀರಿಕೊಂಡ ತಂದೆಯನ್ನು ಮಕ್ಕಳಿಬ್ಬರೂ ಸೇರಿ ಮಣ್ಣು ಮಾಡಿದರೆಂಬ ಒಂದು ಚಿಕ್ಕ ಮಾತು ಬರುವುದು. ಬರುವ ಮಹಾಲಯಕ್ಕೆ ಮಾವನವರ ಪಕ್ಷದ ಎಲೆಯನ್ನು ಒಂದೇ ಮನೆಯಲ್ಲಿ ಹಾಕೋಣವೆಂದು ತಮ್ಮನ ಹೆಂಡತಿಯು ಬೇಲಿಯ ಬಳಿ ನನ್ನ ಮನೆಯಾಕೆಗೆ ಹೇಳಿರುವಳು. ಯಾರ ಮನೆಯೆಂದು ಇನ್ನೂ ತೀರ್ಮಾನವಾಗಿಲ್ಲ. ಅವನದೇ ಆಗಲೆಂದು ನಾನು ಹೇಳಿ ಕಳುಹಿಸಿದ್ದೇನೆ.